ಮುರಿದ ಬೆನ್ನೆಲುಬಿನ ಬಾಗು: ಒಂದು ಅಳತೆಯ ಚರಿತ್ರೆ

ಬೆನ್ನೆಲುಬು ಮುರಿದವನಿಗೆ ಏನು ಮಾಡಬೇಕೆಂಬ ವಿಚಾರ ವೈದ್ಯದಷ್ಟೇ ಹಳೆಯದು. ಮುರಿದ ಬೆನ್ನೆಲುಬು ಎಷ್ಟು ಬಾಗಿದೆಯೆಂದು ಅಳೆಯುವ ವಿಚಾರವಾದರೋ ತೀರ ಈಚಿನದು. ಮೊದಲನೆಯದಕ್ಕೆ ಮೂರು ಸಾವಿರ ವರ್ಷಗಳನ್ನೂ ಮೀರಿದ ಲಿಖಿತ ಸಾಕ್ಷ್ಯವುಂಟು. ಎರಡನೆಯದಕ್ಕೆ, ಇಂದು ಬಳಕೆಯಲ್ಲಿರುವ ರೂಪದಲ್ಲಿ, ನೂರು ವರ್ಷವೂ ತುಂಬಿಲ್ಲ. ಆದರೂ ಇಂದು ಮರದಿಂದಲೋ ಕಟ್ಟಡದ ಸಾರುವೆಯಿಂದಲೋ ಬಿದ್ದವನೊಬ್ಬನನ್ನು ದೊಡ್ಡ ಆಸ್ಪತ್ರೆಗೆ ಒಯ್ದರೆ, ಅವನ ಕಾಗದಪತ್ರಗಳಲ್ಲಿ ಮೊದಲು ಕಾಣಿಸಿಕೊಳ್ಳುವ ಸಂಗತಿಗಳಲ್ಲಿ ಒಂದು, ಬೆನ್ನಿನ ಬಾಗನ್ನು ಹೇಳುವ ಡಿಗ್ರಿಗಳ ಅಂಕೆ. ಶಸ್ತ್ರಕ್ರಿಯೆ ಬೇಕೆ, ಬೇಡವೆ, ಹಾಸಿಗೆಯಲ್ಲಿ ಎಷ್ಟು ದಿನ ಇರಿಸಬೇಕು, ಮುಂದೆ ಹೊರೆ ಹೊರಬಲ್ಲನೆ ಎಂಬ ಪ್ರಶ್ನೆಗಳೆಲ್ಲ ಆ ಅಂಕೆಯನ್ನು ಸುತ್ತಿಕೊಂಡಿರುತ್ತವೆ. ಅದು ಎಲ್ಲಿಂದ ಬಂತು, ಯಾವ ಕಾಯಿಲೆಗಾಗಿ ಮೊದಲು ಹುಟ್ಟಿತು, ತನ್ನ ಮೇಲೆ ಹೊರಿಸಿದ ಭಾರವನ್ನು ಅದು ಹೊರಬಲ್ಲುದೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಪ್ರಾಚೀನರು ಅಳೆಯಲಿಲ್ಲ, ನೋಡಿದರು, ಮುಟ್ಟಿದರು. 1862ರಲ್ಲಿ ಈಜಿಪ್ಟಿನ ಲಕ್ಸರಿನಲ್ಲಿ ಎಡ್ವಿನ್ ಸ್ಮಿತ್ ಎಂಬುವನು ಕೊಂಡ ಪಪೈರಸ್ ಸುರುಳಿಯಲ್ಲಿ 48 ಗಾಯಗಳ ವಿವರಣೆಯಿದೆ. ಸುಮಾರು ಕ್ರಿ. ಪೂ. 1600ರ ಬರಹ ಅದು. 1930ರಲ್ಲಿ ಬ್ರೆಸ್ಟೆಡ್ ಎಂಬ ವಿದ್ವಾಂಸ ಅದನ್ನು ಇಂಗ್ಲಿಷಿಗೆ ತಂದ ಮೇಲೆ ವೈದ್ಯಚರಿತ್ರಕಾರರ ಕಣ್ಣು ಅದರ ಮೇಲೆ ಬಿದ್ದಿತು. ಕುತ್ತಿಗೆಯ ಮಣಿಯೊಂದು ಇನ್ನೊಂದರೊಳಕ್ಕೆ ಕುಸಿದು ಕೈಕಾಲುಗಳ ಅರಿವು ಹೋದವನ ಸ್ಥಿತಿಯನ್ನು ಅಲ್ಲಿ ನಿಖರವಾಗಿ ಬಣ್ಣಿಸಿ, ಇದು ಚಿಕಿತ್ಸೆಗೆ ಒಳಪಡದ ರೋಗವೆಂದು ತೀರ್ಪು ಕೊಟ್ಟಿದೆ. ಭಾರತದಲ್ಲಿ ಸುಶ್ರುತ ಸಂಹಿತೆ ಭಗ್ನಗಳನ್ನು ಎರಡು ಮುಖ್ಯ ವರ್ಗಗಳಾಗಿ ವಿಂಗಡಿಸಿತು. ಕೀಲು ತಪ್ಪಿದ್ದು ಸಂಧಿಮುಕ್ತ, ಅದರಲ್ಲಿ 6 ಬಗೆ. ಎಲುಬು ಮುರಿದದ್ದು ಕಾಂಡಭಗ್ನ, ಅದರಲ್ಲಿ 12 ಬಗೆ. ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ ಐದು ಗೂಟಗಳ ನೆರವಿನಿಂದ ಅಲುಗದಂತೆ ಇರಿಸುವ ಕಪಾಟಶಯನವನ್ನು ಅದು ತೊಡೆ ಮತ್ತು ಕಾಲಿನ ಭಗ್ನಗಳಿಗೆ ವಿಧಿಸಿ, ಪೃಷ್ಠವಂಶದ ಭಗ್ನಕ್ಕೂ ಅದೇ ವಿಧಾನವನ್ನು ಅನ್ವಯಿಸಿತು. ವರ್ಗೀಕರಣ ಎಷ್ಟು ಸೂಕ್ಷ್ಮವಾಗಿದ್ದರೂ ಬಾಗಿನ ಪ್ರಮಾಣವನ್ನು ಹೇಳುವ ಮಾತು ಅಲ್ಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ. ರೋಗಿಯನ್ನು ಅಲುಗದಂತೆ ಮಲಗಿಸುವುದಕ್ಕೆ ಡಿಗ್ರಿಗಳ ಲೆಕ್ಕ ಬೇಕಿಲ್ಲ.

ಗ್ರೀಸಿನಲ್ಲಿ ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಬಂದಿರುವ ಕೀಲುಗಳ ವಿಷಯದ ಗ್ರಂಥ ಈ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾದುದು. ಗೂನಾದವನನ್ನು ಏಣಿಗೆ ಕಟ್ಟಿ, ಎತ್ತರಕ್ಕೆ ಏರಿಸಿ, ಏಣಿಯನ್ನು ನೆಲಕ್ಕೆ ಕುಕ್ಕಿ ಬೆನ್ನನ್ನು ನೆಟ್ಟಗೆ ಮಾಡುವ ಪದ್ಧತಿ ಆಗ ಬಳಕೆಯಲ್ಲಿತ್ತು. ಜನರ ಗುಂಪು ಬಾಯಿಬಿಟ್ಟು ನೋಡಲೆಂದೇ ಕೆಲವರು ಇದನ್ನು ಮಾಡುತ್ತಾರೆಂದೂ, ಆಮೇಲೆ ರೋಗಿ ಏನಾದನೆಂದು ಅವರು ವಿಚಾರಿಸುವುದಿಲ್ಲವೆಂದೂ ಗ್ರಂಥಕಾರ ಕಟುವಾಗಿ ಟೀಕಿಸಿದ್ದಾನೆ. ಅವನು ಒಪ್ಪಿದ ವಿಧಾನ ಬೇರೆ. ರೋಗಿಯನ್ನು ಬೋರಲಾಗಿ ಮಣೆಯ ಮೇಲೆ ಮಲಗಿಸಿ, ತಲೆಯ ಕಡೆಯಿಂದಲೂ ಕಾಲ ಕಡೆಯಿಂದಲೂ ಎಳೆದು, ಉಬ್ಬಿದ ಜಾಗವನ್ನು ಅಂಗೈಯಿಂದಲೋ ಹಲಗೆಯಿಂದಲೋ ಒತ್ತುವುದು. ಎಳೆದದ್ದು ಸಾಕೆ, ಒತ್ತಿದ್ದು ಹೆಚ್ಚಾಯಿತೆ ಎಂಬುದನ್ನು ವೈದ್ಯನ ಕೈ ತಿಳಿಯಬೇಕಾಗಿತ್ತು. ಎರಡು ಸಾವಿರ ವರ್ಷ ಕಳೆದರೂ ಈ ಸ್ಥಿತಿ ಹೆಚ್ಚು ಬದಲಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಅಸ್ಥಿವೈದ್ಯರು ಸೀಸದ ತೆಳುಪಟ್ಟಿಯನ್ನು ಬೆನ್ನಿನ ಮೇಲೆ ಒತ್ತಿ, ಅದು ಪಡೆದ ಬಾಗನ್ನು ಕಾಗದದ ಮೇಲೆ ಗೆರೆಯೆಳೆದು ಇಟ್ಟುಕೊಳ್ಳುತ್ತಿದ್ದರು. ಇದು ಚರ್ಮದ ಬಾಗು, ಎಲುಬಿನದಲ್ಲ. ಆದರೂ ಬಾಗನ್ನು ಕಾಗದಕ್ಕೆ ಇಳಿಸಿ ತಿಂಗಳಿಂದ ತಿಂಗಳಿಗೆ ಹೋಲಿಸಬಹುದೆಂಬ ಕಲ್ಪನೆ ಇಲ್ಲಿ ಮೊಳೆತಿತ್ತೆಂದು ಹೇಳಬಹುದು.

ಹ್ಯಾಂಬುರ್ಗಿನ ಶಸ್ತ್ರವೈದ್ಯ ಹರ್ಮನ್ ಕ್ಯೂಮ್ಮೆಲ್ 1891ರಲ್ಲಿಯೂ 1895ರಲ್ಲಿಯೂ ವಿಲಕ್ಷಣವಾದ ಕೆಲವು ರೋಗಿಗಳ ವಿಷಯವನ್ನು ಪ್ರಸ್ತಾಪಿಸಿದನು. ಬೆನ್ನಿಗೆ ಸಾಮಾನ್ಯವೆನಿಸುವ ಪೆಟ್ಟು ತಗುಲಿ, ಕೆಲವು ದಿನ ನೋವಿದ್ದು, ಗುಣವಾಗಿ, ಕೆಲಸಕ್ಕೆ ಹೋಗಿಬಂದವರಲ್ಲಿ ವಾರಗಳ ಅಥವಾ ತಿಂಗಳುಗಳ ತರುವಾಯ ನೋವು ಮರುಕಳಿಸಿ ಗೂನು ಕಾಣಿಸಿಕೊಳ್ಳುತ್ತಿತ್ತು. ಪೆಟ್ಟಿಗೂ ಗೂನಿಗೂ ನಡುವೆ ನೋವಿಲ್ಲದ ಅವಧಿಯೊಂದಿತ್ತು. ಜರ್ಮನಿಯಲ್ಲಿ 1884ರಲ್ಲಿಯೇ ಕಾರ್ಮಿಕರ ಅಪಘಾತ ವಿಮೆಯ ಕಾನೂನು ಬಂದಿತ್ತೆಂಬುದನ್ನು ನೆನೆದರೆ, ಈ ಗೂನು ಆ ಪೆಟ್ಟಿನದೇ ಅಲ್ಲವೇ ಎಂಬ ಪ್ರಶ್ನೆ ಕೇವಲ ಪಂಡಿತರ ಚರ್ಚೆಯಾಗಿ ಉಳಿಯಲಾರದೆಂಬುದು ಸ್ಪಷ್ಟ. ಒಬ್ಬನ ಜೀವನೋಪಾಯವೇ ಅದರ ಉತ್ತರವನ್ನು ನೆಚ್ಚಿಕೊಂಡಿತ್ತು. ಉತ್ತರ ಹೇಳಲು ವೈದ್ಯನ ಬಳಿ ಮಾತಿನ ಹೊರತು ಬೇರೆ ಸಾಧನವಿರಲಿಲ್ಲ.

ಆ ಸಾಧನ 1895ರಲ್ಲಿಯೇ ದೊರೆಯಿತು. ನವೆಂಬರ್ 8ರಂದು ವೂರ್ಟ್ಸ್‌ಬುರ್ಗಿನಲ್ಲಿ ವಿಲ್ಹೆಲ್ಮ್ ರೋಂಟ್‌ಗೆನ್ ಕ್ಷ-ಕಿರಣಗಳನ್ನು ಕಂಡನು. ವರ್ಷ ಮುಗಿಯುವುದರೊಳಗೆ ಅದರ ವರದಿ ಹೊರಬಿದ್ದಿತು. ಕೈಬೆರಳುಗಳ ಎಲುಬುಗಳು ಒಡನೆಯೇ ಚಿತ್ರದಲ್ಲಿ ಮೂಡಿದವು, ಆದರೆ ಬೆನ್ನೆಲುಬು ಅಷ್ಟು ಸುಲಭಕ್ಕೆ ಸಿಕ್ಕಲಿಲ್ಲ. ದಪ್ಪನಾದ ಶರೀರವನ್ನು ಹಾಯುವಾಗ ಕಿರಣಗಳು ಚದರಿ ಚಿತ್ರ ಮಸುಕಾಗುತ್ತಿತ್ತು. ಅದರಲ್ಲಿಯೂ ಪಕ್ಕದಿಂದ ತೆಗೆದ ಚಿತ್ರ, ಗೂನನ್ನು ತೋರಿಸಬೇಕಾದ ಚಿತ್ರವೇ, ಮಬ್ಬಾಗಿರುತ್ತಿತ್ತು. 1913ರಲ್ಲಿ ಗುಸ್ಟಾವ್ ಬುಕಿ ಚದರಿದ ಕಿರಣಗಳನ್ನು ತಡೆಯುವ ಜಾಲರಿಯನ್ನು ರಚಿಸಿದನು. ಅಮೆರಿಕದ ಹಾಲಿಸ್ ಪಾಟರ್ ಆ ಜಾಲರಿ ಚಲಿಸುವಂತೆ ಮಾಡಿ, ಅದರ ನೆರಳು ಚಿತ್ರದಲ್ಲಿ ಮೂಡದ ಹಾಗೆ ಸುಧಾರಿಸಿದನು. ಬೆನ್ನೆಲುಬಿನ ಪಕ್ಕನೋಟ ನೆಚ್ಚಿಕೊಳ್ಳಬಹುದಾದ ಸಾಕ್ಷ್ಯವಾದುದು ಇದಾದ ಮೇಲೆ. ಯಂತ್ರಭಾಗವೊಂದರ ಈ ಸಣ್ಣ ಸುಧಾರಣೆಯನ್ನು ಚರಿತ್ರೆಯ ಪುಸ್ತಕಗಳು ಹೆಚ್ಚಾಗಿ ಗಮನಿಸುವುದಿಲ್ಲ. ಅದಿಲ್ಲದಿದ್ದರೆ ಮುಂದಿನ ವಾದಗಳಾವುವೂ ಹುಟ್ಟುತ್ತಿರಲಿಲ್ಲ.

ಇಲ್ಲಿ ಬೆನ್ನೆಲುಬಿನ ರಚನೆಯ ವಿಷಯವಾಗಿ ಒಂದೆರಡು ಮಾತು ಅವಶ್ಯ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5 ಮಣಿಗಳು ಒಂದರ ಮೇಲೊಂದು ಕೂತಿವೆ. ನಡುನಡುವೆ ಮೆತ್ತೆಯಂತಹ ಡಿಸ್ಕುಗಳು. ಪಕ್ಕದಿಂದ ನೋಡಿದರೆ ಎದೆಯ ಭಾಗ ಹಿಂದಕ್ಕೆ ಉಬ್ಬಿರುತ್ತದೆ, ಸೊಂಟದ ಭಾಗ ಒಳಕ್ಕೆ ಬಾಗಿರುತ್ತದೆ. ಪಕ್ಕೆಲುಬುಗಳಿಂದ ಬಿಗಿದ ಎದೆಯ ಭಾಗವು ಸುಲಭವಾಗಿ ಬಳುಕುವ ಸೊಂಟದ ಭಾಗವನ್ನು ಸೇರುವ ಸಂಧಿಸ್ಥಾನ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಎತ್ತರದಿಂದ ಬಿದ್ದಾಗ ಬಲವೆಲ್ಲ ಬಂದು ನಿಲ್ಲುವುದು ಅಲ್ಲಿಯೇ. ಎದೆಯ ಕೊನೆಯ ಮಣಿಯೋ ಸೊಂಟದ ಮೊದಲ ಮಣಿಯೋ ಮುರಿಯುವುದು ಹೆಚ್ಚು. ಮಣಿಯ ಮುಂಭಾಗ ಜಜ್ಜಿ ಹಿಂಭಾಗ ಉಳಿದರೆ ಅದು ಬಡಗಿಯ ಬೆಣೆಯ ಆಕಾರ ಪಡೆಯುತ್ತದೆ. ಮೇಲಿನ ಶರೀರವೆಲ್ಲ ಆ ಬೆಣೆಯ ಮೇಲೆ ಮುಂದಕ್ಕೆ ವಾಲುತ್ತದೆ. ಗೂನು ಎಂಬುದು ಇದೇ.

ಚಿತ್ರದಲ್ಲಿ ಬೆಣೆ ಕಾಣಿಸತೊಡಗಿದೊಡನೆ ಅದನ್ನು ಸರಿಪಡಿಸುವ ಹಂಬಲವೂ ಹುಟ್ಟಿತು. ಅಮೆರಿಕದ ಆರ್ಥರ್ ಡೇವಿಸ್ 1929ರಲ್ಲಿ ರೋಗಿಯನ್ನು ಬೋರಲಾಗಿಸಿ ಪಾದಗಳಿಂದ ಮೇಲಕ್ಕೆತ್ತಿ ಬೆನ್ನನ್ನು ಹಿಂದಕ್ಕೆ ಬಗ್ಗಿಸುವ ವಿಧಾನವನ್ನು ವರ್ಣಿಸಿದನು. ವಿಯೆನ್ನಾದಲ್ಲಿ 1925ರಿಂದ ಅಪಘಾತದ ಆಸ್ಪತ್ರೆಯನ್ನು ನಡೆಸುತ್ತಿದ್ದ ಲೊರೆಂಟ್ಸ್ ಬ್ಯೋಲರ್ ಇದೇ ತತ್ತ್ವವನ್ನು ಶಿಸ್ತಿನಿಂದ ಆಚರಣೆಗೆ ತಂದನು. ಇಂಗ್ಲೆಂಡಿನ ರೆಜಿನಾಲ್ಡ್ ವಾಟ್ಸನ್-ಜೋನ್ಸ್ ಎತ್ತರ ತಗ್ಗಿನ ಎರಡು ಮೇಜುಗಳ ನಡುವೆ ರೋಗಿಯನ್ನು ಬೋರಲಾಗಿ ಚಾಚಿ ಮಲಗಿಸಿ, ನಡುಭಾಗ ತಾನಾಗಿ ಜೋತುಬಿದ್ದಾಗ ಪ್ಲಾಸ್ಟರಿನ ಕವಚ ಕಟ್ಟುತ್ತಿದ್ದನು. ಹಿಪ್ಪೊಕ್ರೇಟಿಸನ ಮಣೆ ಹೊಸ ವೇಷದಲ್ಲಿ ಮರಳಿ ಬಂದಿತ್ತೆನ್ನಬೇಕು. ಎಲುಬು ಚಿತ್ರದಲ್ಲಿ ಪೂರ್ಣವಾಗಿ ಮೊದಲಿನಂತಾದರೆ ಮಾತ್ರ ಮನುಷ್ಯ ಪೂರ್ಣವಾಗಿ ಗುಣವಾಗುತ್ತಾನೆಂಬುದು 1938ರ ವೇಳೆಗೆ ವಾಟ್ಸನ್-ಜೋನ್ಸನ ದೃಢಮತವಾಗಿತ್ತು. ತಿಂಗಳುಗಟ್ಟಲೆ ಕತ್ತಿನಿಂದ ಸೊಂಟದವರೆಗೆ ಪ್ಲಾಸ್ಟರ್ ಹೊತ್ತು ತಿರುಗುವುದು ಅದಕ್ಕೆ ತೆರಬೇಕಾದ ಬೆಲೆ.

ಈ ಮತಕ್ಕೆ ಬಲವಾದ ಪೆಟ್ಟು ಕೊಟ್ಟವನು ಮ್ಯಾನ್ಸ್‌ಫೀಲ್ಡಿನ ನಿಕೋಲ್. ಮಧ್ಯ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ನಡುವಣ ಊರು ಅದು. ಗಣಿಯ ಮಾಡು ಕುಸಿದಾಗ ಬಗ್ಗಿ ಕೆಲಸ ಮಾಡುತ್ತಿದ್ದವನ ಬೆನ್ನಿನ ಮೇಲೆಯೇ ಬೀಳುತ್ತದೆ. ಬೆನ್ನೆಲುಬಿನ ಮುರಿತ ಅಲ್ಲಿ ನಿತ್ಯದ ವಿಷಯ. 1949ರಲ್ಲಿ ನಿಕೋಲ್ 152 ಮಂದಿ ಗಣಿಕಾರ್ಮಿಕರ 166 ಮುರಿತಗಳ ಪರಿಶೀಲನೆಯನ್ನು ಪ್ರಕಟಿಸಿದನು. ಅವನು ಹಾಕಿದ ಪ್ರಶ್ನೆ ಸರಳವಾದುದು: ಎಲುಬು ಹೇಗೆ ಕಾಣುತ್ತದೆ ಎಂಬುದಲ್ಲ, ಮನುಷ್ಯ ಗಣಿಯ ತಳಕ್ಕೆ ಮರಳಿ ಇಳಿದನೆ ಎಂಬುದು. ಉತ್ತರ ವಾಟ್ಸನ್-ಜೋನ್ಸನ ಮತಕ್ಕೆ ವಿರುದ್ಧವಾಗಿ ಬಂತು. ಚಿತ್ರದಲ್ಲಿ ಬೆಣೆ ಹಾಗೆಯೇ ಉಳಿದಿದ್ದರೂ ಗುದ್ದಲಿ ಹಿಡಿದು ಪೂರ್ಣ ದುಡಿಮೆಗೆ ಹಿಂತಿರುಗಿದವರಿದ್ದರು. ಚಿತ್ರ ನೆಟ್ಟಗಾಗಿದ್ದರೂ ನೋವಿನಿಂದ ಮೇಲೆಯೇ ಉಳಿದವರಿದ್ದರು. ಎಲುಬಿನ ಆಕಾರ ಚೆನ್ನಾಗಿರುವುದು ದುಡಿಮೆಯ ಶಕ್ತಿ ಚೆನ್ನಾಗಿರುವುದಕ್ಕೆ ಅನಿವಾರ್ಯವಲ್ಲವೆಂದು ನಿಕೋಲ್ ನಿರ್ಣಯಿಸಿದನು. ಮುಖ್ಯವಾದ ಭೇದ ಬೇರೆಡೆಯಿದೆ ಎಂಬುದು ಅವನ ವಾದ. ಮಣಿಗಳನ್ನು ಹಿಂದುಗಡೆಯಿಂದ ಕಟ್ಟಿರುವ ಅಸ್ಥಿರಜ್ಜುಗಳು ಉಳಿದಿದ್ದರೆ ಮುರಿತ ಸ್ಥಿರ. ಅವು ಹರಿದಿದ್ದರೆ ಅಸ್ಥಿರ. ಸ್ಥಿರವಾದುದಕ್ಕೆ ಪ್ಲಾಸ್ಟರ್ ಏಕೆ? ವ್ಯಾಯಾಮ ಮಾಡಿಸಿ ಎಬ್ಬಿಸಿದರಾಯಿತು. ಬಾಗನ್ನು ಅಳೆಯುವ ವಿದ್ಯೆ ಇನ್ನೂ ಬಾಲ್ಯದಲ್ಲಿದ್ದಾಗಲೇ ಅದರ ಮಿತಿಯನ್ನು ತೋರಿಸಿಕೊಟ್ಟ ಈ ಬರಹ ಮುಂದಿನ ಎಲ್ಲ ಚರ್ಚೆಗಳ ಬೆನ್ನ ಹಿಂದೆ ನಿಂತಿದೆ. ಶೆಫೀಲ್ಡಿನ ಫ್ರಾಂಕ್ ಹೋಲ್ಡ್ಸ್‌ವರ್ತ್ 1963ರಲ್ಲಿ ಸ್ಥಿರ-ಅಸ್ಥಿರ ಭೇದವನ್ನು ಇನ್ನಷ್ಟು ವಿಸ್ತರಿಸಿ, ಹಿಂಭಾಗದ ರಜ್ಜುಸಮೂಹಕ್ಕೆ ಪ್ರಾಧಾನ್ಯ ಕೊಟ್ಟನು.

ಇಷ್ಟರಲ್ಲಿ ಅಳತೆಯ ಗೆರೆಗಳು ಬೇರೊಂದು ಕಾಯಿಲೆಯ ಕಡೆಯಿಂದ ಬರುತ್ತಿದ್ದವು. ಬೆಳೆಯುವ ಮಕ್ಕಳಲ್ಲಿ, ವಿಶೇಷವಾಗಿ ಹುಡುಗಿಯರಲ್ಲಿ, ಬೆನ್ನೆಲುಬು ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್ ಎಂಬುದು ಪೆಟ್ಟಿಗೆ ಸಂಬಂಧಿಸಿದ ರೋಗವಲ್ಲ. ಅದು ವರ್ಷದಿಂದ ವರ್ಷಕ್ಕೆ ಏರುತ್ತದೆಯೇ ನಿಂತಿದೆಯೇ ಎಂದು ತಿಳಿಯದೆ ಚಿಕಿತ್ಸೆ ಸಾಧ್ಯವಿಲ್ಲ. ಆದುದರಿಂದ ಅಲ್ಲಿ ಅಳತೆಯೇ ಚಿಕಿತ್ಸೆಯ ಮೊದಲ ಮೆಟ್ಟಿಲು. ಫರ್ಗ್ಯುಸನ್ ಎಂಬುವನು ಬಾಗಿನ ಎರಡು ತುದಿಗಳ ಮಣಿಗಳ ನಡುಬಿಂದುವನ್ನೂ ನಡುವಣ ಮಣಿಯ ನಡುಬಿಂದುವನ್ನೂ ಗೆರೆಗಳಿಂದ ಕೂಡಿಸಿ ಕೋನವನ್ನು ಪಡೆಯುತ್ತಿದ್ದನು. ನ್ಯೂಯಾರ್ಕಿನ ಜಾನ್ ರಾಬರ್ಟ್ ಕಾಬ್ 1948ರಲ್ಲಿ ಪ್ರಕಟಿಸಿದ ಉಪನ್ಯಾಸದಲ್ಲಿ ಬೇರೊಂದು ಮಾರ್ಗ ಹಿಡಿದನು. ಇದೇ ರೀತಿಯ ವಿಧಾನವನ್ನು ಲಿಪ್‌ಮನ್ ಎಂಬುವನು 1935ರಲ್ಲಿಯೇ ಸೂಚಿಸಿದ್ದರೂ ಹೆಸರು ಉಳಿದದ್ದು ಕಾಬನದು. ಬಾಗಿನ ಮೇಲ್ತುದಿಯ ಮಣಿಯ ಮೇಲಂಚಿನ ಉದ್ದಕ್ಕೆ ಒಂದು ಗೆರೆ; ಕೆಳತುದಿಯ ಮಣಿಯ ಕೆಳಂಚಿನ ಉದ್ದಕ್ಕೆ ಇನ್ನೊಂದು. ಬಾಗು ಸಣ್ಣದಾದರೆ ಈ ಎರಡು ಗೆರೆಗಳು ಚಿತ್ರದ ಹಾಳೆಯ ಹೊರಗೆ ಎಲ್ಲಿಯೋ ಕೂಡುತ್ತವೆ. ಆದುದರಿಂದ ಎರಡಕ್ಕೂ ಲಂಬಗೆರೆಗಳನ್ನು ಎಳೆದು, ಆ ಲಂಬಗಳು ಒಂದನ್ನೊಂದು ಕತ್ತರಿಸುವಲ್ಲಿ ಕೋನಮಾಪಕವನ್ನು ಇಡುವುದು. ಶಾಲೆಯ ಹುಡುಗನ ರೇಖಾಗಣಿತ ಇಷ್ಟೇ. ಮೇಣದ ಪೆನ್ಸಿಲು, ಅಳತೆಪಟ್ಟಿ, ಕೋನಮಾಪಕ ಇದ್ದರೆ ಸಾಕು.

ಒಂದೇ ಚಿತ್ರವನ್ನು ಫರ್ಗ್ಯುಸನ್ನನ ವಿಧಾನದಿಂದ ಅಳೆದರೆ ಕಾಬನ ವಿಧಾನಕ್ಕಿಂತ ಕಡಮೆ ಡಿಗ್ರಿ ಬರುತ್ತದೆ. ಒಂದು ಆಸ್ಪತ್ರೆಯ ಅಂಕೆಯನ್ನು ಇನ್ನೊಂದು ಆಸ್ಪತ್ರೆಯ ಅಂಕೆಯ ಪಕ್ಕದಲ್ಲಿಡುವುದು ಹೀಗೆ ಅಸಾಧ್ಯವಾಗಿತ್ತು. 1966ರಲ್ಲಿ ಅಮೆರಿಕದ ಮಿನಿಯಾಪೊಲಿಸ್ಸಿನಲ್ಲಿ ಹುಟ್ಟಿದ ಸ್ಕೋಲಿಯೋಸಿಸ್ ಸಂಶೋಧನ ಸಂಘ ಕಾಬನ ವಿಧಾನವನ್ನು ಎತ್ತಿಹಿಡಿಯಿತು. ಮುಂದೆ ಅದೇ ಲೋಕದ ರೂಢಿಯಾಯಿತು. ಮುರಿತದ ವೈದ್ಯರು ಈ ಸಿದ್ಧಸಾಧನವನ್ನು ಎರವಲು ಪಡೆದರು. ಎದುರುನೋಟದ ಚಿತ್ರದ ಬದಲು ಪಕ್ಕನೋಟದ ಚಿತ್ರ, ಪಕ್ಕದ ಬಾಗಿನ ಬದಲು ಮುಂದಿನ ಬಾಗು. ಗೆರೆಗಳು ಮಾತ್ರ ಅವೇ.

ಎರವಲು ತಂದ ಸಾಧನದಲ್ಲಿ ತೊಡಕುಗಳಿದ್ದವು. ಮಗುವಿನ ಸ್ಕೋಲಿಯೋಸಿಸ್ ಹಲವು ಮಣಿಗಳ ಮೇಲೆ ಹರಡಿದ ನೀಳವಾದ ಬಾಗು. ಮುರಿತದ ಗೂನು ಒಂದೇ ಮಣಿಯಲ್ಲಿ ಸಿಡಿದ ಚೂಪಾದ ಮೂಲೆ. ಗೆರೆಗಳನ್ನು ಎಲ್ಲಿ ಎಳೆಯಬೇಕು? ಮುರಿದ ಮಣಿಯ ಮೇಲಂಚಿಗೂ ಕೆಳಂಚಿಗೂ ಎಳೆದರೆ ಬೆಣೆಯ ಕೋನ ನೇರವಾಗಿ ಸಿಕ್ಕುತ್ತದೆ. ಆದರೆ ಜಜ್ಜಿಹೋದ ಅಂಚು ಗೆರೆಯೆಳೆಯಲು ನಂಬತಕ್ಕ ಅಂಚಲ್ಲ. ಅಲ್ಲದೆ ಮುರಿತದೊಡನೆ ಹರಿದ ಡಿಸ್ಕು ತಿಂಗಳುಗಳ ಮೇಲೆ ಕುಸಿದು ಸೇರಿಸುವ ಬಾಗು ಈ ಲೆಕ್ಕದೊಳಕ್ಕೆ ಬರುವುದೇ ಇಲ್ಲ. ಮುರಿದುದರ ಮೇಲಿನ ಮಣಿಯ ಮೇಲಂಚಿಗೂ ಮುರಿದ ಮಣಿಯ ಕೆಳಂಚಿಗೂ ಎಳೆಯುವುದು ಗಾರ್ಡ್‌ನರನ ಹೆಸರಿನಲ್ಲಿ ನಡೆದುಬಂದ ಇನ್ನೊಂದು ಕ್ರಮ. ಮಣಿಗಳ ಹಿಂಗೋಡೆಗಳಿಗೆ ಗೆರೆಯೆಳೆದು ಅವುಗಳ ನಡುವಣ ಕೋನವನ್ನು ಅಳೆಯುವವರೂ ಇದ್ದರು. ಮೇಲಿನ ಮಣಿಯ ಮೇಲಂಚು, ಕೆಳಗಿನ ಮಣಿಯ ಕೆಳಂಚು, ಅಂದರೆ ಮುರಿದುದನ್ನು ನಡುವೆ ಬಿಟ್ಟು ಆರೋಗ್ಯವಾದ ಎರಡು ಅಂಚುಗಳನ್ನು ಹಿಡಿಯುವುದು ಕಾಬನ ವಿಧಾನದ ಸಹಜ ರೂಪಾಂತರ. 2001ರಲ್ಲಿ ಕುಕ್ಲೋ ಮತ್ತು ಅವನ ಸಂಗಡಿಗರು ಇಂತಹ ಐದು ವಿಧಾನಗಳನ್ನು ಹೋಲಿಸಿ, ಒಬ್ಬನೇ ವೈದ್ಯ ಎರಡು ಸಲ ಅಳೆದಾಗಲೂ ಬೇರೆ ಬೇರೆ ವೈದ್ಯರು ಅಳೆದಾಗಲೂ ಅತ್ಯಂತ ಹೊಂದಿಕೆ ಕಂಡದ್ದು ಕೊನೆಯದರಲ್ಲಿಯೆಂದು ತೋರಿಸಿದರು. 2006ರಲ್ಲಿ ಬೆನ್ನೆಲುಬಿನ ಗಾಯಗಳ ಅಧ್ಯಯನಕ್ಕೆಂದು ಕೂಡಿದ ತಜ್ಞರ ಮಂಡಲಿಯೊಂದು ಹಿಂದಿನ ಬರಹಗಳನ್ನೆಲ್ಲ ಸೋಸಿ, ಕಾಬನ ಕೋನದ ಜೊತೆಗೆ ಮಣಿಯ ಮುಂಭಾಗದ ಎತ್ತರದ ನಷ್ಟ, ಒಂದು ಮಣಿ ಇನ್ನೊಂದರ ಮೇಲೆ ಜಾರಿದ ದೂರ, ಬೆನ್ನುಹುರಿಯ ನಾಳ ಕಿರಿದಾದ ಪ್ರಮಾಣ ಇವನ್ನೂ ಅಳೆಯಬೇಕೆಂದು ಸೂಚಿಸಿತು. ಕೋನವೊಂದೇ ಸಾಲದೆಂಬ ಒಪ್ಪಿಗೆ ಅದರಲ್ಲಿ ಅಡಗಿದೆ.

ಹೊಂದಿಕೆಯೆಂದರೆ ನಿಖರತೆಯಲ್ಲ. ಸ್ಕೋಲಿಯೋಸಿಸ್ಸಿನಲ್ಲಿ ಅನುಭವಿಗಳ ಕೈಯಲ್ಲಿಯೂ ಸುಮಾರು 5 ಡಿಗ್ರಿಗಳ ಹೆಚ್ಚುಕಡಿಮೆ ಸಹಜವೆಂಬುದು 1990ರ ಸುಮಾರಿನ ಪರೀಕ್ಷೆಗಳಿಂದ ತಿಳಿದುಬಂದಿತು. ಪೆನ್ಸಿಲಿನ ಗೆರೆಯ ದಪ್ಪ, ಅಂಚಿನ ಮಸುಕು, ಮಾಪಕವನ್ನು ಇಟ್ಟ ಬಗೆ ಎಲ್ಲವೂ ಸೇರಿ ಇಷ್ಟಾಗುತ್ತದೆ. ಹೀಗಿರುವಾಗ ಹೋದ ತಿಂಗಳು 18 ಇದ್ದದ್ದು ಈ ತಿಂಗಳು 21 ಆಯಿತೆಂದು ಗಾಬರಿಪಡುವುದರಲ್ಲಿ ಅರ್ಥವಿಲ್ಲ. ಗಣಕಯಂತ್ರ ದಶಾಂಶಸಹಿತವಾಗಿ ಅಂಕೆ ಕೊಟ್ಟಿತೆಂದು ಹಿಗ್ಗುವುದರಲ್ಲಿಯೂ ಅಷ್ಟೇ.

ಇನ್ನೂ ಗಂಭೀರವಾದ ಪ್ರಶ್ನೆ, ಅಂಕೆಯನ್ನು ಯಾವುದರ ಎದುರು ಇಟ್ಟು ತೂಗಬೇಕೆಂಬುದು. ಎದೆಯ ಭಾಗ ಹುಟ್ಟಿನಿಂದಲೇ ಹಿಂದಕ್ಕೆ ಉಬ್ಬಿದೆ. ಸೊಂಟ ಒಳಕ್ಕೆ ಬಾಗಿದೆ. ಎದೆಯ ನಡುವೆ 15 ಡಿಗ್ರಿ ಗೂನೆಂದರೆ ಬಹಳ ಹೆಚ್ಚಲ್ಲ. ಸೊಂಟದಲ್ಲಿ ಅದೇ 15 ಎಂದರೆ ಇರಬೇಕಾದ ಒಳಬಾಗು ಹೋಗಿ ಹೊರಬಾಗು ಬಂದಿದೆಯೆಂದು ಅರ್ಥ. 1990ರಲ್ಲಿ ಫಾರ್ಸಿ ಮತ್ತು ಸಂಗಡಿಗರು ಇದಕ್ಕೊಂದು ಸರಳವಾದ ಲೆಕ್ಕ ಕಟ್ಟಿದರು. ಒಂದು ಮಣಿಯ ಮಟ್ಟದಲ್ಲಿ ಸಹಜವಾಗಿರುವ ಬಾಗನ್ನು ಎದೆಯಲ್ಲಿ 5, ಸಂಧಿಸ್ಥಾನದಲ್ಲಿ 0, ಸೊಂಟದಲ್ಲಿ ಋಣ 10 ಡಿಗ್ರಿಗಳೆಂದು ಇಟ್ಟುಕೊಂಡು, ಅಳೆದ ಗೂನಿನಿಂದ ಅದನ್ನು ಕಳೆಯುವುದು. ಉಳಿದದ್ದು 15ನ್ನು ಮೀರಿದರೆ ಶಸ್ತ್ರಕ್ರಿಯೆಯನ್ನು ಯೋಚಿಸಬೇಕೆಂಬುದು ಅವರ ಮತ. ಚಿತ್ರದಲ್ಲಿ ಗೂನೇ ಇಲ್ಲದೆ ಸೊಂಟದ ಮಣಿಗಳು ನೆಟ್ಟಗೆ ಕಂಡವನಿಗೂ ಈ ಲೆಕ್ಕದಲ್ಲಿ 10 ಡಿಗ್ರಿ ನಷ್ಟವಾಗಿರುತ್ತದೆ. ಅಂಕೆ ಸೊನ್ನೆಯಾದರೂ ನಷ್ಟ ಸೊನ್ನೆಯಲ್ಲವೆಂಬ ಈ ಅರಿವು ಚಿಕ್ಕದಾಗಿ ಕಂಡರೂ ಬೆಲೆಯುಳ್ಳದ್ದು.

ರೋಗಿ ಹೇಗಿರುವಾಗ ಚಿತ್ರ ತೆಗೆದರು ಎಂಬುದೂ ಅಷ್ಟೇ ಮುಖ್ಯ. ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಿಂದ 1971ರಲ್ಲಿ ಮೊದಲ ರೋಗಿಯ ಚಿತ್ರ ತೆಗೆದರು. ಆ ಶೋಧಕ್ಕೆ 1979ರಲ್ಲಿ ಕಾರ್ಮ್ಯಾಕನೊಡನೆ ನೊಬೆಲ್ ಬಹುಮಾನ ಬಂತು. ಮಣಿಯನ್ನು ಅಡ್ಡವಾಗಿ ಸೀಳಿ ತೋರಿಸುವ ಈ ಚಿತ್ರದಲ್ಲಿ ಎಲುಬಿನ ಚೂರು ಬೆನ್ನುಹುರಿಯ ನಾಳದೊಳಕ್ಕೆ ಎಷ್ಟು ನುಗ್ಗಿದೆಯೆಂಬುದು ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಮಿನಿಯಾಪೊಲಿಸ್ಸಿನ ಡೆನಿಸ್ 1983ರಲ್ಲಿ 412 ಗಾಯಗಳನ್ನು ಪರಿಶೀಲಿಸಿ, ಬೆನ್ನೆಲುಬನ್ನು ಮುಂದಿನ, ನಡುವಣ, ಹಿಂದಿನ ಎಂಬ ಮೂರು ಕಂಬಗಳಾಗಿ ಕಲ್ಪಿಸಿದನು. ನಡುವಣ ಕಂಬ ಮುರಿದು ಚೂರುಗಳು ಹಿಂದಕ್ಕೆ ಸಿಡಿಯುವ ಮುರಿತವನ್ನು ಬರೀ ಬೆಣೆಯಾದ ಮುರಿತದಿಂದ ಬೇರ್ಪಡಿಸಲು ಇದು ಸಹಾಯವಾಯಿತು. ಆದರೆ ಸಿ.ಟಿ. ಚಿತ್ರಕ್ಕೆ ರೋಗಿ ಅಂಗಾತ ಮಲಗಬೇಕು. ಮಲಗಿದಾಗ ಶರೀರದ ಭಾರ ಬೆಣೆಯ ಮೇಲೆ ಬೀಳುವುದಿಲ್ಲ, ಗೂನು ಕಡಮೆಯಾಗಿ ಕಾಣುತ್ತದೆ. ಎದ್ದು ನಿಂತಾಗ ಅದೇ ಗೂನು ಹೆಚ್ಚುತ್ತದೆ. ಹೆಚ್ಚು ಕಾಣುವ ಯಂತ್ರವೇ ಬಾಗನ್ನು ಕಡಮೆ ಹೇಳುವುದೊಂದು ವಿಪರ್ಯಾಸ. ಆದುದರಿಂದ ಬೆನ್ನುಹುರಿಗೆ ಪೆಟ್ಟಿಲ್ಲದವನನ್ನು, ಕವಚ ತೊಡಿಸಿಯಾದರೂ ಸರಿ, ನಿಲ್ಲಿಸಿ ಇನ್ನೊಂದು ಸಾಮಾನ್ಯ ಕ್ಷ-ಕಿರಣ ಚಿತ್ರ ತೆಗೆಯುವುದು ವಿವೇಕಿಗಳ ಪದ್ಧತಿಯಾಯಿತು. ಹಲಗೆಯ ಮೇಲೆ ಮಲಗಿಸುವುದನ್ನು ಬಲ್ಲ ಹಳೆಯ ವೈದ್ಯಕ್ಕೆ ಎದ್ದುನಿಂತವನ ಬಾಗಿನ ಚಿಂತೆಯೇ ಇರಲಿಲ್ಲ.

ಇಷ್ಟೆಲ್ಲ ಎಚ್ಚರದಿಂದ ಅಳೆದ ಅಂಕೆ ನೋವನ್ನು ಮುಂದಾಗಿ ಹೇಳಬಲ್ಲುದೆ? ನಿಕೋಲ್ ಎತ್ತಿದ ಪ್ರಶ್ನೆ ಐವತ್ತು ವರ್ಷ ತಿರುತಿರುಗಿ ಬಂದಿದೆ. 1988ರಲ್ಲಿ ವೈನ್‌ಸ್ಟೈನ್ ಮತ್ತು ಸಂಗಡಿಗರು, ಸಿಡಿದ ಮುರಿತಕ್ಕೆ ಶಸ್ತ್ರಕ್ರಿಯೆಯಿಲ್ಲದೆ ಚಿಕಿತ್ಸೆ ಪಡೆದ 42 ಮಂದಿಯನ್ನು ಸರಾಸರಿ 20 ವರ್ಷಗಳ ಮೇಲೆ ಹುಡುಕಿ ಪರೀಕ್ಷಿಸಿದರು. ಗೂನಿನ ಪ್ರಮಾಣಕ್ಕೂ ನೋವಿಗೂ ಸಂಬಂಧ ಕಾಣಲಿಲ್ಲ. 1992ರಲ್ಲಿ ಗೆರ್ಟ್ಸ್‌ಬೈನ್, ಹಲವು ಆಸ್ಪತ್ರೆಗಳ 1,019 ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ, ಎರಡು ವರ್ಷದ ಮೇಲೆ ಗೂನು 30 ಡಿಗ್ರಿಗಳನ್ನು ಮೀರಿದವರಲ್ಲಿ ನೋವು ಹೆಚ್ಚೆಂದು ಕಂಡನು. ಎರಡಕ್ಕೂ ವಿರೋಧವಿದೆಯೆಂದು ಮೇಲುನೋಟಕ್ಕೆ ತೋರಿದರೂ ಹಾಗೆಂದು ಒಪ್ಪಬೇಕಾಗಿಲ್ಲ. ಒಂದು ಎಲ್ಲೆಯವರೆಗೆ ಶರೀರ ಬಾಗನ್ನು ಸಹಿಸಿಕೊಳ್ಳುತ್ತದೆ, ಆಚೆಗೆ ಸಹಿಸದು ಎಂದು ಊಹಿಸುವುದಕ್ಕೆ ಅವಕಾಶವುಂಟು. ಎಲ್ಲೆ ಎಲ್ಲಿದೆಯೆಂಬುದೇ ತಕರಾರು.

ಬೆನ್ನುಹುರಿಗೆ ಪೆಟ್ಟಿಲ್ಲದ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಕ್ರಿಯೆ, ಇನ್ನೊಂದಕ್ಕೆ ಪ್ಲಾಸ್ಟರ್ ಅಥವಾ ಕವಚ ಕೊಟ್ಟು ಹೋಲಿಸಿದ ಅಮೆರಿಕದ ವುಡ್ ಮತ್ತು ಸಂಗಡಿಗರ ಪರೀಕ್ಷೆ 2003ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೊನೆಯವರೆಗೆ ಲೆಕ್ಕಕ್ಕೆ ಸಿಕ್ಕಿದವರು 47 ಮಂದಿ. ಎರಡು ಗುಂಪುಗಳ ನಡುವೆ ಗೂನಿನಲ್ಲಾಗಲಿ ಕೆಲಸಕ್ಕೆ ಮರಳುವುದರಲ್ಲಾಗಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. 2006ರಲ್ಲಿ ಹಾಲೆಂಡಿನಿಂದ ಬಂದ, 34 ರೋಗಿಗಳ ಇನ್ನೊಂದು ಪರೀಕ್ಷೆ ಶಸ್ತ್ರಕ್ರಿಯೆಯ ಪಕ್ಷವಾಗಿ ನಿಂತಿತು. ತರುವಾಯ, 2015ರಲ್ಲಿ, ವುಡ್ ತನ್ನ ಹಳೆಯ ರೋಗಿಗಳಲ್ಲಿ 37 ಮಂದಿಯನ್ನು 16ರಿಂದ 22 ವರ್ಷಗಳ ಮೇಲೆ ಮತ್ತೆ ಕಂಡ ವರದಿ ಹೊರಬಂತು. ಶಸ್ತ್ರಕ್ರಿಯೆಯಾದವರ ಗೂನು ಸರಾಸರಿ 13 ಡಿಗ್ರಿ; ಆಗದವರದು 19. ನೋವು ಕಡಮೆಯಿದ್ದದ್ದೂ, ಓಡಾಟ ಚೆನ್ನಾಗಿದ್ದದ್ದೂ 19ರ ಗುಂಪಿನಲ್ಲಿ. ಇಷ್ಟು ಕಡಮೆ ಜನರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದು ತರವಲ್ಲ. ಆದರೂ ಮ್ಯಾನ್ಸ್‌ಫೀಲ್ಡಿನ ಗಣಿಕಾರ್ಮಿಕರು ಹೇಳಿದ್ದನ್ನೇ ಅರುವತ್ತಾರು ವರ್ಷಗಳ ಬಳಿಕ ಬೇರೊಂದು ದೇಶದ ರೋಗಿಗಳು ಹೇಳಿದರೆಂಬುದನ್ನು ಕಡೆಗಣಿಸಲಾಗದು.

ಶರೀರ ಬಾಗನ್ನು ಹೇಗೆ ಸಹಿಸಿಕೊಳ್ಳುತ್ತದೆಂಬುದಕ್ಕೆ ಫ್ರೆಂಚ್ ಪಂಡಿತರಿಂದ ಉತ್ತರದ ಒಂದು ಭಾಗ ದೊರೆತಿದೆ. ನಿಂತ ಮನುಷ್ಯ ತಲೆಯನ್ನು ಪಾದಗಳ ಮೇಲೆ ಅತ್ಯಲ್ಪ ಶ್ರಮದಿಂದ ಇಟ್ಟುಕೊಳ್ಳುವ ವಲಯವನ್ನು ಜಾನ್ ದುಬುಸೆ ತಲೆಕೆಳಗಾದ ಶಂಕುವಿಗೆ ಹೋಲಿಸಿದನು. ಅದರಿಂದ ಹೊರಗೆ ವಾಲಿದಷ್ಟೂ ಸ್ನಾಯುಗಳು ದಣಿಯುತ್ತವೆ. ಶ್ರೀಮತಿ ದುವಾಲ್-ಬೊಪೇರ್ ಮತ್ತು ಸಂಗಡಿಗರು 1992ರಲ್ಲಿ ಸೊಂಟದ ಮೂಳೆಯಲ್ಲಿಯೇ ಇರುವ ಒಂದು ಕೋನವನ್ನು ಗುರುತಿಸಿದರು; ಪ್ರಾಯಕ್ಕೆ ಬಂದವನಲ್ಲಿ ಅದು ಬದಲಾಗದು, ಅವನ ಸೊಂಟ ಎಷ್ಟು ಒಳಬಾಗಬೇಕೆಂಬುದನ್ನು ಅದೇ ಗೊತ್ತುಮಾಡುತ್ತದೆ. ಗೂನಾದವನು ಸೊಂಟವನ್ನು ಇನ್ನಷ್ಟು ಒಳಕ್ಕೆ ಬಗ್ಗಿಸಿ, ಅದೂ ಸಾಲದಿದ್ದರೆ ಸೊಂಟದ ಮೂಳೆಯನ್ನೇ ಹಿಂದಕ್ಕೆ ತಿರುಗಿಸಿ, ಕೊನೆಗೆ ಮೊಣಕಾಲು ಮಡಿಸಿ ನೆಟ್ಟಗೆ ನಿಲ್ಲುತ್ತಾನೆ. ಬಳುಕುವ ಸೊಂಟವಿರುವ ಯುವಕನಿಗೆ 20 ಡಿಗ್ರಿಯ ಗೂನು ಹಗುರ. ಡಿಸ್ಕು ಸವೆದು ಸೊಂಟ ಬಿಗಿದ ಮುದುಕನಿಗೆ ಅದೇ 20 ಭಾರ. ಹೀಗಾಗಿ ಮುರಿದ ಜಾಗದ ಕೋನದೊಡನೆ ಕುತ್ತಿಗೆಯ ಕೊನೆಯ ಮಣಿಯಿಂದ ಇಳಿಬಿಟ್ಟ ತೂಗುಗೆರೆ ಎಲ್ಲಿ ಬೀಳುತ್ತದೆಂಬುದನ್ನೂ ನೋಡುವ ಪದ್ಧತಿ ಬಂದಿದೆ. ಗಾರೆ ಕೆಲಸದವನ ತೂಗುಗುಂಡಿನ ಲೆಕ್ಕವೇ ಇದು.

ಭಾರತದಲ್ಲಿ ಈ ಪ್ರಶ್ನೆಗಳು ಪುಸ್ತಕದ ಪ್ರಶ್ನೆಗಳಲ್ಲ. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗೆಗಳಲ್ಲಿ ತೆಂಗು ಅಡಕೆಯ ಕೊನೆ ಕೀಳಲು ಮರವೇರಿ ಬೀಳುವವರ ಗಾಯ ಬಹುಮಟ್ಟಿಗೆ ಇದೇ ಸಂಧಿಸ್ಥಾನದ್ದು. ಮುಂಬಯಿಯಂತಹ ನಗರಗಳಲ್ಲಿ ಎತ್ತರದ ಕಟ್ಟಡಗಳ ಕೆಲಸಕ್ಕೆ ಹೋದವರದೂ ಹಾಗೆಯೇ. 1923ರ ಕಾರ್ಮಿಕ ಪರಿಹಾರ ಶಾಸನ ದುಡಿಯುವ ಶಕ್ತಿಯ ನಷ್ಟವನ್ನು ಶೇಕಡಾ ಲೆಕ್ಕದಲ್ಲಿ ಕೇಳಿತು. ಶೇಕಡಾ ಲೆಕ್ಕ ಕೇಳುವವರ ಮುಂದೆ ಡಿಗ್ರಿಗಳ ಅಂಕೆಗೆ ಸಹಜವಾಗಿಯೇ ಗೌರವ ಹೆಚ್ಚು. ಮತ್ತೆ ಮರ ಏರಲಾರದವನ ಚಿತ್ರದಲ್ಲಿ 12 ಡಿಗ್ರಿ ಮಾತ್ರ ಇದ್ದರೆ ಅವನ ಮಾತು ಹಗುರವಾಗುತ್ತದೆ. 25 ಇದ್ದೂ ಹೊರೆ ಹೊರುವವನನ್ನು ಅಂಕೆ ನೋಡಿ ಅಸಮರ್ಥನೆನ್ನುವುದೂ ಸಾಧ್ಯ. ಬಾಗನ್ನು ಬರೆಯುವಾಗ ಯಾವ ಮಣಿಯಿಂದ ಯಾವ ಮಣಿಗೆ ಅಳೆದದ್ದು, ಮಲಗಿದಾಗಲೋ ನಿಂತಾಗಲೋ, ಪೆಟ್ಟಾದ ಎಷ್ಟು ದಿನದ ಮೇಲೆ ಎಂಬ ಮೂರು ಸಂಗತಿಗಳನ್ನು ಅಂಕೆಯ ಪಕ್ಕದಲ್ಲಿಯೇ ಬರೆದರೆ, ಮುಂದೆ ಆ ಕಾಗದವನ್ನು ಬಿಡಿಸಿ ನೋಡುವ ವೈದ್ಯನಿಗಾಗಲಿ ನ್ಯಾಯಾಧೀಶನಿಗಾಗಲಿ ಅದು ಓದಬಹುದಾದ ಬರಹವಾಗುತ್ತದೆ. ಕಾಬನ ಗೆರೆಗಳಿಗೆ ಬೇಕಾಗುವ ಶ್ರಮಕ್ಕಿಂತ ಈ ಮೂರು ಮಾತುಗಳಿಗೆ ಬೇಕಾಗುವ ಶ್ರಮ ಕಡಮೆ.